ರೇಡಿಯೋ ಸುಟ್ಟ ಹಿಂಗಾರು

ಕಳೆದ ತಿಂಗಳು ಅರಿಶಿನಕುಂಟೆಯ ನಮ್ಮ ಮನೆಯಲ್ಲಿ ಸಂಜೆಯ ಮಳೆಗೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮರಳಿ ಬಂದಾಗ ಟಿವಿಯ ಪಕ್ಕದಲ್ಲಿದ್ದ ಇಂಟರ್ನೆಟ್ಟಿನ ಪುಟ್ಟ ಡಬ್ಬಿಯಿಂದ ಒಂದು ವಾಸನೆ ಹೊರಟಿತು. ಅದು ಬೆಂಕಿಯ ವಾಸನೆಯಲ್ಲ. ಹೊಗೆಯೂ ಇರಲಿಲ್ಲ. ಒಣಮೀನಿನದು ಸ್ವಲ್ಪ, ಕಾಸಿದ ಅರಗಿನದು ಸ್ವಲ್ಪ ಬೆರೆತಂತಹ, ಮೂಗಿನ ತುದಿಯಲ್ಲಿ ನಿಂತುಬಿಡುವ ವಾಸನೆ. ಹಿಂದಿನ ಬೀದಿಯ ಎಲೆಕ್ಟ್ರಿಷಿಯನ್ ಬಂದು ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿದ.

"ಸ್ಪೈಕ್ ಬಂದೈತೆ ಮೇಡಂ, ಕರೆಂಟು ಎಗರೈತೆ. ಡಬ್ಬಿ ಹೋಯ್ತು."

"ಕರೆಂಟು ಹೋಗುವಾಗ ಬಂತೋ, ಬರುವಾಗ ಬಂತೋ?"

"ಅದೇನ್ ಹೇಳ್ಬಿಟ್ಟು ಬರ್ತದಾ ಮೇಡಂ?" ಎಂದು ನಕ್ಕ.

ಆತನಿಗೆ ಅದು ನಗುವ ಮಾತು. ನನಗೆ ಮಾತ್ರ ಆ ವಾಸನೆಯೂ ಆ ಉತ್ತರವೂ ಒಟ್ಟಿಗೆ ಸೇರಿ, ನಮ್ಮ ನೆಲಮಂಗಲದ ಬಳಿಯ ಮಧುರೆಯ ಆಚೆಗೆ ರಾಗಿ ಹೊಲಗಳ ನಡುವೆ ಚಾಚಿಕೊಂಡಿದ್ದ ಒಂದು ಕಿರಿದಾದ ರನ್‌ವೇಯನ್ನೂ, ಅಲ್ಲಿ ನಾನು ಕಳೆದ ಒಂದು ಹಿಂಗಾರನ್ನೂ ಕಣ್ಣೆದುರು ತಂದು ನಿಲ್ಲಿಸಿದವು. ಆ ಹಂಗಾಮಿನ ಬಗ್ಗೆ ನಾನು ಇದುವರೆಗೆ ಬರೆದಿಲ್ಲ. ಬರೆಯುವುದಕ್ಕೆ ಒಂದು ನಿಲುವು ಬೇಕು ಎಂದು ಕಾಯುತ್ತಿದ್ದೆ. ನಿಲುವು ಇಂದಿಗೂ ಸಿಕ್ಕಿಲ್ಲ, ವಾಸನೆ ಸಿಕ್ಕಿತು.

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಯಾವ ವಿಷಯವನ್ನೇ ಕೊಡಲಿ, ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಎಚ್ಚರಿಕೆಯ ಗಂಟೆ ಬಾರಿಸುವುದರೊಳಗೆ ಮಾತನ್ನು ದಡ ಮುಟ್ಟಿಸುವುದು ನನಗೆ ಅಭ್ಯಾಸವಾಗಿತ್ತು. ಅಲ್ಲಿಂದ ನಾನು ಹೊತ್ತು ತಂದ ನಂಬಿಕೆ ಒಂದೇ: ಎರಡೂ ಪಕ್ಷಗಳು ಪ್ರಾಮಾಣಿಕವಾಗಿ ಮಾತನಾಡಿದರೆ ಸತ್ಯ ವೇದಿಕೆಯ ಮೇಲೆ ತಾನಾಗಿ ಬಂದು ಕೂರುತ್ತದೆ. ಆ ನಂಬಿಕೆಯ ಬಲದಿಂದಲೇ, ನಾನು ಪಾಠ ಮಾಡುತ್ತಿದ್ದ ನೆಲಮಂಗಲದ ಕಾಲೇಜಿನಿಂದ ಒಂದು ವರ್ಷ ರಜೆ ಪಡೆದು, ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳನ್ನು ಗಂಡಸರದೆಂದು ಬೇಲಿ ಹಾಕಿಟ್ಟ ಕೆಲಸಗಳಿಗೆ ಕಳಿಸುವ ಒಂದು ಸಣ್ಣ ಟ್ರಸ್ಟಿನ ಜೊತೆ ಸೇರಿದ್ದೆ. ನಮ್ಮ ಒತ್ತಾಯಕ್ಕೆ ಮಣಿದು ಆ ರನ್‌ವೇಯ ಖಾಸಗಿ ಹಾರಾಟ ಶಾಲೆಯವರು ಒಬ್ಬ ಹುಡುಗಿಯನ್ನು ತರಬೇತಿಗೆ ತೆಗೆದುಕೊಳ್ಳಲು ಒಪ್ಪಿದ್ದರು. ಅವಳು ತ್ಯಾಮಗೊಂಡ್ಲಿನ ಸೌಭಾಗ್ಯ. ಸಂಕ್ರಾಂತಿಯ ತನಕ ಅವಳ ತರಬೇತಿ ನಮ್ಮ ಟ್ರಸ್ಟಿನ ಹೊಣೆ. ಅಷ್ಟರೊಳಗೆ ಅವಳು ಒಬ್ಬಳೇ ವಿಮಾನವನ್ನು ಮೇಲೇರಿಸಿ ಇಳಿಸಿದರೆ ಮುಂದಿನ ತರಬೇತಿ ಶಾಲೆಯದು. ಇಲ್ಲವಾದರೆ ಅವಳ ಸೀಟು ಬೇರೆಯವರದು. ಒಪ್ಪಂದ ಅಷ್ಟೇ ಸರಳವಾಗಿತ್ತು.

ವಿಮಾನ ಎಂದರೆ ಕೇಳಿದವರ ಮನಸ್ಸಿಗೆ ದೇವನಹಳ್ಳಿಯ ದೊಡ್ಡ ಹಕ್ಕಿಗಳು ಬರುತ್ತವೆ. ಇದು ಹಳದಿ ರೆಕ್ಕೆಯ, ಎರಡೇ ಸೀಟಿನ, ನಾಲ್ಕು ಜನ ಹಿಡಿದರೆ ಸುಲಭವಾಗಿ ದಿಕ್ಕು ತಿರುಗಿಸಬಹುದಾದಷ್ಟು ಹಗುರವಾದದ್ದು. ಮುಂಗಾರಿನ ಪಡುವಣ ಗಾಳಿಗೆ ಶೆಡ್ಡಿನೊಳಗೆ ಕಟ್ಟಿಹಾಕಿಸಿಕೊಂಡಿದ್ದು, ಗೌರಿಹಬ್ಬ ಕಳೆದು ಗಾಳಿ ತಗ್ಗಿದ ಮೇಲೆ ಹೊರಗೆ ಬರುತ್ತಿತ್ತು. ರನ್‌ವೇಯ ಎರಡೂ ಬದಿಗೆ ರಾಗಿ ತೆನೆಗಟ್ಟುತ್ತಿತ್ತು. ಬೆಳಿಗ್ಗೆ ನವಿಲುಗಳನ್ನೂ, ಮಧ್ಯಾಹ್ನ ಮೇಕೆಗಳನ್ನೂ ಓಡಿಸಿದ ಮೇಲೆಯೇ ಹಾರಾಟ.

ಮುಖ್ಯ ಶಿಕ್ಷಕರು ಕ್ಯಾಪ್ಟನ್ ನಂಜಪ್ಪ. ನಿವೃತ್ತರಾದ ಮೇಲೂ ಅಂಗಿಯ ಮಡಿಕೆ ಮುರಿಯದ ಮನುಷ್ಯ. ವಿಮಾನದ ರಿಪೇರಿಯ ಹೊಣೆ ಎಂಜಿನಿಯರ್ ರುಕ್ಮಾಂಗದ ಅವರದು. ಬೋಳುತಲೆ, ದಪ್ಪ ಕನ್ನಡಕ, ಬಾಯಲ್ಲಿ ಸದಾ ಒಂದು ಲವಂಗ. ಇಬ್ಬರೂ ಬಹಳ ವರ್ಷಗಳ ಸ್ನೇಹಿತರು, ಆದ್ದರಿಂದ ಇಬ್ಬರಿಗೂ ಯಾವ ವಿಷಯದಲ್ಲಿಯೂ ಒಮ್ಮತವಿರಲಿಲ್ಲ. ಸೌಭಾಗ್ಯಳ ಜೊತೆಗೆ ಕಲಿಯುತ್ತಿದ್ದವನು ಬೆಂಗಳೂರಿನ ರೋಹಿತ್, ಎಲ್ಲರನ್ನೂ 'ಗುರು' ಎಂದು ಕರೆಯುವ ಹುಡುಗ.

ವಿಮಾನದಿಂದ ನೆಲದವರೊಡನೆ ಮಾತನಾಡುವ ರೇಡಿಯೋಗಳಲ್ಲಿ ಮೊದಲನೆಯದು ಸತ್ತದ್ದು ಗಣೇಶ ವಿಸರ್ಜನೆಯ ಮರುವಾರ. ಸೌಭಾಗ್ಯ ಕ್ಯಾಪ್ಟನ್ನರ ಜೊತೆ ಹಾರಿ ಇಳಿದಿದ್ದಳು. ಮತ್ತೆ ಹೊರಡಲು ನೋಡಿದರೆ ರೇಡಿಯೋದಲ್ಲಿ ದೀಪವೇ ಇಲ್ಲ, ಬದಲಿಗೆ ಆ ವಾಸನೆ. ಹಳೆಯದಾಗಿತ್ತು ಎಂದು ಹೇಳಿ ಶೆಡ್ಡಿನಲ್ಲಿದ್ದ ಇನ್ನೊಂದನ್ನು ಹಾಕಿದರು. ಮಹಾಲಯ ಅಮಾವಾಸ್ಯೆಯ ಹಿಂದೆಮುಂದೆ ಅದೂ ಸತ್ತಿತು. ಆಗಲೂ ಕೊನೆಗೆ ಇಳಿದವಳು ಸೌಭಾಗ್ಯಳೇ. ಸುತ್ತಮುತ್ತಲ ಆಕಾಶವೆಲ್ಲ ದೊಡ್ಡ ವಿಮಾನಗಳ ಹಾದಿ; ರೇಡಿಯೋ ಇಲ್ಲದೆ ಯಾರನ್ನೂ ಒಂಟಿಯಾಗಿ ಬಿಡುವಂತಿರಲಿಲ್ಲ.

"ನಾನು ಹತ್ತೋದಕ್ಕೆ ಮೊದಲೇ ರೇಡಿಯೋ ಆನ್ ಇಟ್ಕೊಂಡೇ ಎಂಜಿನ್ ಸ್ಟಾರ್ಟ್ ಮಾಡ್ತಾಳೆ ಅನ್ಸುತ್ತೆ. ಹೇಳಿಹೇಳಿ ಸಾಕಾಯ್ತು," ಎಂದರು ಕ್ಯಾಪ್ಟನ್.

"ಇಲ್ಲ ಸಾರ್. ಆಫ್ ಮಾಡಿರ್ತೀನಿ," ಎಂದಳು ಸೌಭಾಗ್ಯ.

"ಹಾಗಾದ್ರೆ ಅದಕ್ಕೆ ಹೃದಯಾಘಾತ ಆಯ್ತೇನಮ್ಮಾ?"

ಅವಳು ತಲೆ ತಗ್ಗಿಸಿ ವಿಮಾನದ ಗಾಜು ಒರೆಸತೊಡಗಿದಳು. ನಾನು ಸುಮ್ಮನಾಗಲಿಲ್ಲ. ಒಬ್ಬ ರೋಹಿತ್ ತಪ್ಪು ಮಾಡಿದರೆ ಅದು ರೋಹಿತನ ತಪ್ಪು. ಒಬ್ಬ ಸೌಭಾಗ್ಯ ತಪ್ಪು ಮಾಡಿದರೆ ಅದು ಇಡೀ ಹಳ್ಳಿಗಳ, ಇಡೀ ಹೆಣ್ಣುಕುಲದ ತಪ್ಪಾಗಿ ಲೆಕ್ಕಕ್ಕೆ ಬರುತ್ತದೆ ಎಂದು ಅಲ್ಲೇ ವಾದ ಹೂಡಿದೆ. ಕ್ಯಾಪ್ಟನ್ ಗೌರವದಿಂದ ಕೇಳಿದರು. ಕೇಳಿ, "ಎಲ್ಲಾ ಸರಿ ಮೇಡಂ. ರೇಡಿಯೋ ಯಾಕೆ ಸುಡ್ತು?" ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ರುಕ್ಮಾಂಗದ ಅವರ ಬೆಂಚಿನ ಪಕ್ಕದಲ್ಲಿ ಕುಳಿತೆ. ವಿದ್ಯುತ್ತಿನ ವಿಷಯದಲ್ಲಿ ನನ್ನ ಜ್ಞಾನ ಪ್ರೌಢಶಾಲೆಯಲ್ಲಿಯೇ ನಿಂತುಹೋಗಿತ್ತು. ಅವರು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಕೇಳಿದರು:

"ಬೋರ್‌ವೆಲ್ ಮೋಟರ್ ಓಡ್ತಿರುವಾಗ ಗೇಟ್‌ವಾಲ್ವ್ ಪಟ್ ಅಂತ ಮುಚ್ಚಿದ್ದು ನೋಡಿದ್ದೀರಾ?"

ನೋಡಿದ್ದೆ. ಪೈಪು ನೆಲ ಬಿಟ್ಟು ಎಗರುತ್ತದೆ.

"ಅಷ್ಟೇ. ಹರೀತಿರೋ ನೀರು ತಕ್ಷಣ ನಿಲ್ಲು ಅಂದ್ರೆ ನಿಲ್ಲಲ್ಲ, ಗುದ್ದುತ್ತೆ. ಕರೆಂಟೂ ಹಾಗೇ. ಎಂಜಿನ್ ಸ್ಟಾರ್ಟ್ ಮಾಡೋದಕ್ಕೆ ಒಂದು ದೊಡ್ಡ ಸ್ವಿಚ್ಚಿದೆ, ಕಾಂಟ್ಯಾಕ್ಟರ್ ಅಂತೀವಿ. ಅದರೊಳಗೆ ತಂತಿ ಸುರುಳಿ. ಕೀಲಿ ಬಿಟ್ಟ ಕ್ಷಣ ಆ ಸುರುಳಿಯಲ್ಲಿರೋ ಕರೆಂಟಿಗೆ ಹೋಗೋ ದಾರಿ ಇರಲ್ಲ. ಎಗರುತ್ತೆ. ಹನ್ನೆರಡು ವೋಲ್ಟಿನ ತಂತಿ ಮೇಲೆ ನೂರಾರು ವೋಲ್ಟು, ಕಣ್ಣು ಮಿಟುಕಿಸೋದರೊಳಗೆ ಬಂದು ಹೋಗಿರುತ್ತೆ. ಸಿಕ್ಕಿದವರನ್ನ ಹೊಡೆದು ಹೋಗುತ್ತೆ. ರೇಡಿಯೋ ಸಿಕ್ಕಿದೆ."

"ಇದಕ್ಕೆ ಪರಿಹಾರವಿಲ್ಲವೇ?"

"ಸುರುಳಿಯ ಅಡ್ಡಕ್ಕೆ ಒಂದು ಡಯೋಡ್ ಹಾಕಿದರೆ ಸಾಕು. ಬೆರಳಿನುಗುರಿನಷ್ಟು ಇರುತ್ತೆ. ಆ ಕರೆಂಟು ಅಲ್ಲೇ ಸುತ್ತಿ ಸುತ್ತಿ ಸುಸ್ತಾಗಿ ಸಾಯುತ್ತೆ, ಹೊರಗೆ ಬರಲ್ಲ."

"ಮತ್ತೆ ಹಾಕಿಲ್ಲವೇಕೆ?"

"ಇತ್ತು. ಅವರನ್ನ ಕೇಳಿ," ಎಂದು ಕ್ಯಾಪ್ಟನ್ನರ ಕಡೆಗೆ ಗದ್ದ ಚಾಚಿದರು.

ನನಗೆ ಒಳಗೇ ಗೆಲುವಿನ ಗಂಟೆ ಬಾರಿಸಿದಂತಾಯಿತು. ಕ್ಯಾಪ್ಟನ್ನರನ್ನು ಕೇಳಿದೆ. ಅವರು ಅಳುಕಲಿಲ್ಲ. ಡಯೋಡ್ ಹಾಕಿದರೆ ಸುರುಳಿಯ ಬಲ ನಿಧಾನವಾಗಿ ಇಳಿಯುತ್ತದೆ, ಸ್ವಿಚ್ಚಿನ ನಾಲಿಗೆ ನಿಧಾನವಾಗಿ ಬಿಡುತ್ತದೆ, ಬಿಡುವಾಗ ಕಿಡಿ ಎದ್ದು ಲೋಹಕ್ಕೆ ಲೋಹ ಅಂಟಿಕೊಳ್ಳಬಹುದು ಎಂದರು. ಹಿಂದೊಮ್ಮೆ ಇದೇ ವಿಮಾನದಲ್ಲಿ ಹಾಗೆ ಅಂಟಿಕೊಂಡು, ಕೀಲಿ ಬಿಟ್ಟ ಮೇಲೂ ಸ್ಟಾರ್ಟರ್ ತಿರುಗುತ್ತಲೇ ಇತ್ತಂತೆ, ವೈರು ಹೊಗೆಯಾಡಿತ್ತಂತೆ. "ರೇಡಿಯೋ ಸುಟ್ಟರೆ ಇನ್ನೊಂದು ತರಬಹುದು. ಕಲಿಯೋ ಮಕ್ಕಳನ್ನ ಎಲ್ಲಿಂದ ತರಲಿ? ಅದಕ್ಕೇ ತೆಗೆಸಿದೆ," ಎಂದರು.

ಆ ಮಾತಿನಲ್ಲಿ ಹಟವಿರಲಿಲ್ಲ, ಕಾಳಜಿ ಇತ್ತು. ಮರಳಿ ಬೆಂಚಿಗೆ ಹೋಗಿ ಹೇಳಿದೆ. "ಅದೂ ನಿಜಾನೇ," ಎಂದರು ರುಕ್ಮಾಂಗದ. ಇಬ್ಬರೂ ಸರಿ ಇರುವ ಚರ್ಚೆಯಲ್ಲಿ ನಾನು ಅದುವರೆಗೆ ಭಾಗವಹಿಸಿರಲಿಲ್ಲ. ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ಮೊದಲ ಬಾರಿಗೆ ತಲೆ ಗೋಜಲಾಯಿತು.

ಆಯುಧಪೂಜೆಯ ದಿನ ಸೌಭಾಗ್ಯಳ ತಂದೆ ಹನುಮಂತರಾಯಪ್ಪನವರು ತಮ್ಮ ಟ್ರ್ಯಾಕ್ಟರಿನಲ್ಲಿಯೇ ಬಂದರು. ಟ್ರ್ಯಾಕ್ಟರಿಗೆ ಬಾಳೆಕಂದು, ಸೇವಂತಿಗೆ ಹಾರ; ಹಿಂದೆ ಬೂದುಗುಂಬಳ, ಒಂದು ಮೂಟೆ ಕಡಲೆಪುರಿ. ಮಗಳ ವಿಮಾನಕ್ಕೂ ತಮ್ಮ ಟ್ರ್ಯಾಕ್ಟರಿಗೂ ಒಂದೇ ಆರತಿ ಎಂದು ಅವರು ಮೊದಲೇ ತೀರ್ಮಾನಿಸಿದ್ದರು. ಕ್ಯಾಪ್ಟನ್ ರೆಕ್ಕೆಯ ಮೇಲೆ ಕುಂಕುಮ ಹಚ್ಚಲು ಬಿಟ್ಟರು, ಪ್ರೊಪೆಲರ್ ಮುಂದೆ ಕುಂಬಳಕಾಯಿ ಒಡೆಯಲು ಬಿಡಲಿಲ್ಲ.

ಪುರಿ ಮೆಲ್ಲುತ್ತ ಹನುಮಂತರಾಯಪ್ಪ ಕೇಳಿದರು: "ಇದ್ರುದ್ದು ಡೈನಮೋ ಹೆಂಗೈತೆ ಸಾಮಿ?"

"ಚೆನ್ನಾಗೇ ಇದೆ," ಎಂದರು ರುಕ್ಮಾಂಗದ.

"ನೋಡಿದ್ರಾ? ನಮ್ದು ನೋಡಿ." ಅವರು ಎದ್ದು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ವೈರನ್ನು ಕಿತ್ತು ಮೇಲೆ ಹಿಡಿದರು. ಟ್ರ್ಯಾಕ್ಟರಿನ ದೀಪ ಉರಿಯುತ್ತಲೇ ಇತ್ತು. "ಕಂಡ್ರಾ ಮೇಡಮ್ಮೋರೆ? ಬ್ಯಾಟ್ರಿ ಇಲ್ದೆ ಉರೀತೈತೆ. ಡೈನಮೋ ಗಟ್ಟಿ ಅಂತ ಲೆಕ್ಕ. ನಮ್ಮಪ್ಪನ ಕಾಲ್ದಿಂದ್ಲೂ ಹಿಂಗೇ ನೋಡೋದು. ದಿನಾ ಕೆಲ್ಸ ಮುಗುದ್ಮ್ಯಾಕೆ ಒಂದ್ಸಲ ನೋಡ್ಬುಟ್ರೆ, ಬೆಳಿಗ್ಗೆ ಹೊಲ್ದಾಗೆ ಕೈ ಕೊಡಾಕಿಲ್ಲ."

ಸೌಭಾಗ್ಯ ಹೆಮ್ಮೆಯಿಂದ ತಂದೆಯನ್ನು ನೋಡುತ್ತಿದ್ದಳು. ರುಕ್ಮಾಂಗದ ಮಾತ್ರ, "ಹಳೇ ಡೈನಮೋ, ತಡ್ಕೊಳ್ಳುತ್ತೆ," ಎಂದು ಗೊಣಗಿ ಪುರಿಯ ಕಡೆ ತಿರುಗಿದರು. ನಾನು ಆ ದೃಶ್ಯವನ್ನು ನನ್ನ ಮುಂದಿನ ಭಾಷಣಕ್ಕೆ ಉದಾಹರಣೆಯಾಗಿ ಎತ್ತಿಟ್ಟುಕೊಂಡೆ: ನೋಡಿ, ತಲೆಮಾರುಗಳ ಯಂತ್ರಜ್ಞಾನ ಈ ಮನೆಗಳಲ್ಲಿಯೇ ಇದೆ!

ಮೂರನೆಯ ರೇಡಿಯೋವನ್ನು ಬೇರೊಂದು ಶಾಲೆಯಿಂದ ಕೇಳಿ ತಂದಿದ್ದರು. ಅದು ದೀಪಾವಳಿಯ ಹೊತ್ತಿಗೆ ಸತ್ತಿತು. ಸುದ್ದಿ ತಿಳಿದಾಗ, ಹೇಳಲು ಸಂಕೋಚವಾಗುತ್ತದೆ, ನನಗೆ ಸಂತೋಷವಾಯಿತು. ಏಕೆಂದರೆ ಆ ದಿನ ಸೌಭಾಗ್ಯ ಅಲ್ಲಿರಲೇ ಇಲ್ಲ. ಹಬ್ಬಕ್ಕೆ ಊರಿಗೆ ಹೋಗಿದ್ದಳು. ಹಾರಿದವನು ರೋಹಿತ್.

ರಾಗಿ ಕೊಯ್ಲು ಶುರುವಾಗಿದ್ದ ದಿನಗಳು. ಹಿಂಗಾರಿನ ಮೋಡ ದಿನವೂ ಹೆದರಿಸಿ ಹೋಗುತ್ತಿತ್ತು; ಕೊಯ್ದವರು ಒಣಗಲೆಂದು ಹೊಲದಲ್ಲಿ ಅರಿ ಹಾಕಿದ ತೆನೆಯನ್ನು ಎತ್ತುವುದೋ ಬಿಡುವುದೋ ತಿಳಿಯದೆ ಆಕಾಶ ನೋಡುತ್ತಿದ್ದರು. ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿಸಿ ಎಲ್ಲರನ್ನೂ ಕೂರಿಸಿದೆ. ಹುಡುಗಿಯನ್ನು ಒಂಟಿಯಾಗಿ ಹಾರಲು ಬಿಡುವುದೋ ಇಲ್ಲವೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು.

ನಾನು ಚೆನ್ನಾಗಿ ಮಾತನಾಡಿದೆ. ಇಂದಿಗೂ ಆ ಭಾಷಣ ನನಗೆ ಇಷ್ಟ. "ಮೂರನೆಯ ರೇಡಿಯೋ ಸುಟ್ಟ ಗಳಿಗೆಯಲ್ಲಿ ಆರೋಪಿ ತ್ಯಾಮಗೊಂಡ್ಲಿನ ಅಡುಗೆಮನೆಯಲ್ಲಿ ಕಜ್ಜಾಯ ತಟ್ಟುತ್ತಿದ್ದಳು," ಎಂದೆ. ಕ್ಯಾಪ್ಟನ್ ಕೂಡ ನಕ್ಕರು. ತೆಗೆದುಹಾಕಿದ ಡಯೋಡಿನ ಮಾತೆತ್ತಿದೆ. ದೋಷ ಯಂತ್ರದಲ್ಲಿದ್ದಾಗ ಅದನ್ನು ಮನುಷ್ಯರ ಮೇಲೆ, ಅದರಲ್ಲಿಯೂ ಬಾಯಿಲ್ಲದವರ ಮೇಲೆ ಹೊರಿಸುವ ಅಭ್ಯಾಸದ ಬಗ್ಗೆ ಹೇಳಿದೆ. "ಈ ಶಾಲೆಯಲ್ಲಿ ಸೌಭಾಗ್ಯಳಷ್ಟು ಜಾಗರೂಕಳಾದ ವಿದ್ಯಾರ್ಥಿ ಇನ್ನೊಬ್ಬರಿಲ್ಲ," ಎಂದು ಮುಗಿಸಿ ಕುಳಿತೆ.

ಕ್ಯಾಪ್ಟನ್ ಅಂಗಿಯ ಮಡಿಕೆ ಸರಿಮಾಡಿಕೊಂಡು, "ಆಯ್ತು ಮೇಡಂ. ಅವಳ ಮೇಲೆ ನಾನು ಹೇಳಿದ್ದನ್ನ ವಾಪಸ್ ತಗೋತೀನಿ," ಎಂದರು.

ಆಗ ಸೌಭಾಗ್ಯ ಮಾತನಾಡಿದಳು. ಹೊಗಳಿಕೆಯಿಂದ ಅವಳ ಮುಖ ಅರಳಿತ್ತು.

"ಹೌದು ಸಾರ್. ನಾನು ಒಂದೂ ಬಿಡಲ್ಲ. ಇಳಿದ್ಮೇಲೆ ದಿನಾ ಡೈನಮೋನೂ ಚೆಕ್ ಮಾಡ್ತೀನಿ."

ರುಕ್ಮಾಂಗದ ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. "ಡೈನಮೋ ಹೇಗಮ್ಮಾ ಚೆಕ್ ಮಾಡ್ತೀಯಾ?"

"ಕ್ಯಾಪ್ಟನ್ ಸಾರ್ ಇಳಿದು ಹೋದ್ಮೇಲೆ, ಎಂಜಿನ್ ಓಡ್ತಿರುವಾಗ್ಲೇ ಬ್ಯಾಟ್ರಿ ಸ್ವಿಚ್ ಆಫ್ ಮಾಡ್ತೀನಿ ಸಾರ್. ದೀಪ, ಮೀಟರು, ರೇಡಿಯೋ ಎಲ್ಲಾ ಉರೀತಾನೇ ಇದ್ರೆ ಡೈನಮೋ ಸರಿ ಐತೆ ಅಂತ. ನಮ್ಮಪ್ಪ ಹೇಳ್ಕೊಟ್ಟಿದ್ದು."

ಹೊರಗೆ ಯಾರೋ ಮೇಕೆಗಳನ್ನು ಅಟ್ಟುತ್ತಿದ್ದರು. ಎಲ್ಲರ ಮುಖ ನೋಡಿ ಅವಳ ಮುಖ ಇಳಿಯುತ್ತ ಬಂತು. "ಯಾಕ್ ಸಾರ್? ಮಾಡ್ಬಾರ್ದಾ?"

ರುಕ್ಮಾಂಗದ ಅವಳಿಗೆ ಹೇಳಿದರು, ಗದರಿಸಲಿಲ್ಲ. ಬ್ಯಾಟರಿ ಎಂದರೆ ನೀರು ತುಂಬುವ ತೊಟ್ಟಿಯಿದ್ದಂತೆ. ಎಂಜಿನ್ ಉತ್ಪಾದಿಸುವ ಕರೆಂಟನ್ನು ಅದು ಸಮಾಧಾನವಾಗಿ ಕುಡಿಯುತ್ತಿರುತ್ತದೆ. ಭರದಿಂದ ಹರಿಯುವಾಗ ತೊಟ್ಟಿಯನ್ನೇ ಎತ್ತಿಬಿಟ್ಟರೆ ಆ ಭರವೆಲ್ಲ ಉಳಿದ ಸಣ್ಣ ಕೊಳವೆಗಳಿಗೆ ನುಗ್ಗುತ್ತದೆ. ಅಪ್ಪನ ಹಳೆಯ ಟ್ರ್ಯಾಕ್ಟರಿನಲ್ಲಿ ದೀಪ ಬಿಟ್ಟರೆ ನುಗ್ಗಿಸಿಕೊಳ್ಳುವವರು ಯಾರೂ ಇಲ್ಲ. ಇಲ್ಲಿ ರೇಡಿಯೋ ಇದೆ.

ನನ್ನ ಭಾಷಣದ ಕೊನೆಯ ವಾಕ್ಯ ಇನ್ನೂ ಶೆಡ್ಡಿನ ತಗಡಿನ ಕೆಳಗೆ ನೇತಾಡುತ್ತಿತ್ತು. ಅದು ಸುಳ್ಳಾಗಿರಲಿಲ್ಲ, ಅವಳು ನಿಜಕ್ಕೂ ಎಲ್ಲರಿಗಿಂತ ಜಾಗರೂಕಳು. ಅವಳ ಜಾಗರೂಕತೆಯೇ ತಪ್ಪಾಗಿತ್ತು. ಇದನ್ನು ಪರದಲ್ಲಿ ಇಡುವುದೋ ವಿರೋಧದಲ್ಲಿ ಇಡುವುದೋ ತಿಳಿಯದೆ ಕುಳಿತೆ.

"ಹಾಗಾದ್ರೆ ಮೊದಲಿನ ಎರಡು ರೇಡಿಯೋ…" ಎಂದು ಕ್ಯಾಪ್ಟನ್ ಆರಂಭಿಸಿದರು.

"ಇರಿ ಸಾರ್," ಎಂದರು ರುಕ್ಮಾಂಗದ. "ಅವಳು ದಿನಾ ಮಾಡಿದಾಳೆ. ದಿನಾ ಸುಟ್ಟಿಲ್ಲವಲ್ಲ?"

"ಮೂರನೇದು?" ಎಂದರು ಕ್ಯಾಪ್ಟನ್.

ಎಲ್ಲರೂ ರೋಹಿತನನ್ನು ನೋಡಿದರು. ಅವನು ತಲೆ ಕೆರೆದುಕೊಂಡ. "ಸೌಭಾಗ್ಯ ನಂಗೂ ಹೇಳ್ಕೊಟ್ಟಿದ್ಲು ಸಾರ್. ಒಂದೆರಡ್ ಸಲ ಮಾಡಿದೀನಿ. ಅವತ್ತು ಮಾಡಿದ್ನಾ… ಮಾಡಿರಬಹುದು. ಇಲ್ಲಾ ಮಾಡಿಲ್ವೇನೋ. ಸತ್ಯವಾಗ್ಲೂ ನೆನಪಿಲ್ಲ ಗುರು. ಸಾರಿ, ಸಾರ್."

ನಾನು ರುಕ್ಮಾಂಗದರ ಕಡೆ ತಿರುಗಿದೆ. ಅಷ್ಟು ಹೊತ್ತಿಗೆ ನನ್ನ ಧ್ವನಿಯಲ್ಲಿ ವಾದವಿರಲಿಲ್ಲ, ಬೇಡಿಕೆಯಿತ್ತು. "ನೀವೇ ಹೇಳಿ. ಡಯೋಡ್ ಇಲ್ಲದ್ದರಿಂದ ಸುಟ್ಟಿತೋ, ಬ್ಯಾಟರಿ ತೆಗೆದದ್ದರಿಂದ ಸುಟ್ಟಿತೋ?"

"ಒಂದೊಂದು ಸಲ ಸ್ಟಾರ್ಟ್ ಮಾಡ್ದಾಗ್ಲೂ ಒಂದು ಪೆಟ್ಟು ತಿಂದಿದೆ. ಒಂದೊಂದು ಸಲ ಇವಳು ಚೆಕ್ ಮಾಡ್ದಾಗ್ಲೂ ಒಂದು ಪೆಟ್ಟು ತಿಂದಿದೆ. ಆನ್ ಇದ್ದರೆ ಜಾಸ್ತಿ, ಆಫ್ ಇದ್ದರೆ ಕಮ್ಮಿ. ತಿಂದು ತಿಂದು ಒಂದಿನ ಸತ್ತಿದೆ. ಕೊನೇ ಪೆಟ್ಟು ಕೊಟ್ಟವರೇ ಕೊಂದವರು ಅಂತ ಹೇಗೆ ಹೇಳ್ಲಿ ಮೇಡಂ?"

ನಾನು ಸೋಲೊಪ್ಪಲು ಸಿದ್ಧಳಿರಲಿಲ್ಲ. ಶಾಲೆಯವರು ತರಿಸುತ್ತಿದ್ದ ಹೊಸ ರೇಡಿಯೋ ಬಂದ ಮೇಲೆ ಒಂದೊಂದೇ ಬದಲಾವಣೆ ಮಾಡಿ ನೋಡೋಣ ಎಂದೆ. ಮೊದಲು ಡಯೋಡ್ ಮಾತ್ರ, ಆಮೇಲೆ ಸ್ವಿಚ್ಚಿನ ಕ್ರಮ ಮಾತ್ರ. ಆಗ ಕಾರಣ ಸ್ಪಷ್ಟವಾಗುತ್ತದೆ, ಹುಡುಗಿಯ ಹೆಸರಿಗೆ ಅಂಟಿದ ದೂರು ನಿಜವೋ ಅಲ್ಲವೋ ತಿಳಿಯುತ್ತದೆ.

"ಒಂದೊಂದೇ ಮಾಡಿ ಒಂದೊಂದೇ ರೇಡಿಯೋ ಸುಡೋಣ್ವಾ?" ಎಂದರು ರುಕ್ಮಾಂಗದ. "ಬರ್ತಿರೋದು ಒಂದೇ ಮೇಡಂ. ಸಂಕ್ರಾಂತಿನೂ ಒಂದೇ."

ಸೌಭಾಗ್ಯ ಎದ್ದು ಹೊರಗೆ ಹೋದಳು. ಹಿಂದೆಯೇ ಹೋದೆ. ವಿಮಾನದ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಆಯುಧಪೂಜೆಯಿಂದ ಉಳಿದುಹೋಗಿದ್ದ ಕುಂಕುಮದ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಒಂದೊಂದೇ ಮಾಡಿ ಅಂತ ಹೇಳ್ಬೇಡಿ ಮೇಡಂ. ಎಲ್ಲಾ ಒಟ್ಗೆ ಹಾಕ್ಬಿಡ್ಲಿ."

"ಹಾಗೆ ಮಾಡಿದರೆ ಯಾರ ತಪ್ಪು ಎಂದು ಎಂದಿಗೂ ಗೊತ್ತಾಗುವುದಿಲ್ಲ ಸೌಭಾಗ್ಯ."

"ಗೊತ್ತಾಗ್ದಿದ್ರೆ ಬೇಡ. ನಂಗೆ ತೀರ್ಪು ಬೇಡ ಮೇಡಂ, ರೇಡಿಯೋ ಬೇಕು."

"ಹಳ್ಳಿ ಹುಡುಗಿ ಬಂದು ರೇಡಿಯೋ ಸುಟ್ಟಳು ಎಂದು ಜನ ಆಡಿಕೊಳ್ಳುತ್ತಾರೆ."

"ಅನ್ಲಿ ಬಿಡಿ. ಸುಟ್ಲು, ಆಮೇಲೆ ಹಾರಿದ್ಲು ಅಂತ ಸೇರಿಸ್ಕೊಂಡು ಅನ್ಲಿ."

ಅವಳ ಪರವಾಗಿ ಮಾತನಾಡುವುದೇ ನನ್ನ ಕೆಲಸವೆಂದು ಬಂದಿದ್ದೆ. ಅವಳ ಪಕ್ಷ ಯಾವುದೆಂದು ಅವಳನ್ನು ಕೇಳಿರಲೇ ಇಲ್ಲ ಎಂಬುದು ಆಗ ಹೊಳೆಯಿತು. ಆದರೆ ನನ್ನ ವಾದವೂ ತಪ್ಪೆಂದು ಅನಿಸಲಿಲ್ಲ. ಕಾರಣ ತಿಳಿಯದೆ ಸುಧಾರಿಸಿದ್ದನ್ನು ಸುಧಾರಣೆ ಎನ್ನಬಹುದೇ? ಒಳಗೆ ಹೋಗಿ, "ಎಲ್ಲವನ್ನೂ ಒಟ್ಟಿಗೆ ಮಾಡಿ," ಎಂದೆ. ನಾಲಿಗೆ ಒಂದು ಹೇಳುತ್ತಿತ್ತು, ತಲೆ ಇನ್ನೊಂದು.

ಡಯೋಡಿನ ಜಗಳ ಉಳಿದಿತ್ತು. ಅದನ್ನು ರುಕ್ಮಾಂಗದ ತಮ್ಮದೇ ರೀತಿಯಲ್ಲಿ ಬಗೆಹರಿಸಿದರು. ಒಂದು ಸಂಜೆ ಕ್ಯಾಪ್ಟನ್ನರನ್ನು ಬೆಂಚಿನ ಬಳಿ ಕರೆದು, ಕಾಂಟ್ಯಾಕ್ಟರಿಗೆ ಬರಿಯ ಡಯೋಡನ್ನು ಹಾಕಿ, ಕರೆಂಟು ಕೊಟ್ಟು ತೆಗೆದರು. ಸ್ವಿಚ್ಚಿನ ನಾಲಿಗೆ ಸೋಮಾರಿಯಂತೆ ಬಿಟ್ಟುಕೊಂಡಿತು. ಅದನ್ನು ತೆಗೆದು, ಎರಡು ಕಾಲಿನ ಇನ್ನೊಂದು ಕಪ್ಪು ತುಂಡನ್ನು ಹಾಕಿದರು. ಅದು ಕರೆಂಟನ್ನು ಸ್ವಲ್ಪ ಎಗರಲು ಬಿಟ್ಟು, ಒಂದು ಎತ್ತರಕ್ಕೆ ಬಂದ ಕೂಡಲೇ ಹಿಡಿದು ಹೀರಿಕೊಳ್ಳುವಂಥದ್ದಂತೆ. ಈ ಸಲ ನಾಲಿಗೆ ಟಕ್ಕೆಂದು ಬಿಟ್ಟಿತು.

"ಇನ್ನೊಂದ್ಸಲ," ಎಂದರು ಕ್ಯಾಪ್ಟನ್. ಕಿವಿಗೊಟ್ಟು ಕೇಳಿದರು. "ಇನ್ನೊಂದ್ಸಲ."

"ಸಂಗೀತ ಕಛೇರಿ ಅಲ್ಲ ಸಾರ್."

"ಇದನ್ನ ಮೊದಲೇ ಯಾಕೆ ಹಾಕಲಿಲ್ಲ ನೀನು?"

"ನೀವು ಡಯೋಡ್ ತೆಗಿ ಅಂದ್ರಿ. ಬದಲು ಹಾಕು ಅನ್ಲಿಲ್ಲ."

ಇಬ್ಬರೂ ನಕ್ಕರು. ಅಂತಹದೇ ಇನ್ನೊಂದು ದೊಡ್ಡ ತುಂಡನ್ನು ರೇಡಿಯೋಗೆ ಹೋಗುವ ತಂತಿಯ ಬಾಯಿಯಲ್ಲಿಯೂ ಕಟ್ಟಿದರು. ಎಂಜಿನ್ ಶುರು ಮಾಡುವ ಮೊದಲು, ನಿಲ್ಲಿಸುವ ಮೊದಲು ರೇಡಿಯೋ ಆರಿಸಿ, ಆರಿಸಿದೆನೆಂದು ಗಟ್ಟಿಯಾಗಿ ಕೂಗಬೇಕು ಎಂದು ಕ್ಯಾಪ್ಟನ್ ನಿಯಮ ಮಾಡಿದರು. ಬ್ಯಾಟರಿ ಸ್ವಿಚ್ಚಿನ ಮೇಲೆ ಸೌಭಾಗ್ಯ ತಾನೇ ಒಂದು ಕೆಂಪು ಮುಚ್ಚಳ ಕೂರಿಸಿದಳು.

ಧನುರ್ಮಾಸದ ಮಂಜು ಆ ವರ್ಷ ಗಟ್ಟಿಯಾಗಿತ್ತು. ರನ್‌ವೇಯ ಆಚೆ ತುದಿ ಕಾಣಲು ಬಿಸಿಲೇರಬೇಕಿತ್ತು. ಹೊಸ ರೇಡಿಯೋ ಉಸಿರಾಡುತ್ತಲೇ ಇತ್ತು. ದಿನವೂ ನಾವು ಅದನ್ನು ಕಾಯಿಲೆಯ ಮಗುವನ್ನು ನೋಡುವಂತೆ ನೋಡುತ್ತಿದ್ದೆವು. ಕಣದಲ್ಲಿ ರಾಗಿ ಒಕ್ಕಣೆ ಮುಗಿಯುತ್ತಿದ್ದ ಒಂದು ಬೆಳಿಗ್ಗೆ, ಇನ್ನೇನು ಸಂಕ್ರಾಂತಿ ಎನ್ನುವಾಗ, ರನ್‌ವೇಯ ಮೇಲಿನ ಮಂಜು ಕರಗಿದೊಡನೆ, ಕ್ಯಾಪ್ಟನ್ ವಿಮಾನದಿಂದ ಇಳಿದು, ತಾವು ಕುಳಿತಿದ್ದ ಸೀಟಿನ ಬೆಲ್ಟನ್ನು ಬಿಗಿದು ಕಟ್ಟಿ, ಬಾಗಿಲು ಹಾಕಿದರು.

"ಹೋಗ್ಬಿಟ್ಟು ಬಾಮ್ಮಾ," ಎಂದರು ಅಷ್ಟೇ.

ವಿಮಾನ ರಾಗಿ ಕೂಳೆಗಳ ಮೇಲೆ ಹಳದಿಯಾಗಿ ಎದ್ದು, ಆಚೆ ಉಳಿದಿದ್ದ ಮಂಜಿನ ಮೇಲಂಚನ್ನು ಕತ್ತರಿಸಿ ಮೇಲೆ ಹೋಯಿತು. ನಾವು ಶೆಡ್ಡಿನ ಮುಂದಿನ ರೇಡಿಯೋ ಸುತ್ತ ನಿಂತಿದ್ದೆವು. ಎದ್ದ ಕೂಡಲೇ ಅವಳು ಮಾತನಾಡಬೇಕಿತ್ತು. ಮಾತಿಲ್ಲ. ಮೊದಲ ತಿರುವಿನಲ್ಲಿ ಮಾತನಾಡಬೇಕಿತ್ತು. ಇಲ್ಲ. ಕ್ಯಾಪ್ಟನ್ ಮೈಕು ಹಿಡಿದು ಕರೆದರು. ಬರಿಯ ಸರಸರ ಸದ್ದು. ರುಕ್ಮಾಂಗದರ ದವಡೆ ನಿಂತಿತ್ತು. ನಾನು ಮನಸ್ಸಿನಲ್ಲಿ ಎಲ್ಲ ಕಾರಣಗಳನ್ನೂ ಮತ್ತೆ ಸಾಲಾಗಿ ನಿಲ್ಲಿಸುತ್ತಿದ್ದೆ: ಡಯೋಡ್, ಬ್ಯಾಟರಿ, ಸ್ವಿಚ್ಚು, ಇವುಗಳಲ್ಲಿ ಯಾವುದು, ಅಥವಾ ನಮಗೆ ಇದುವರೆಗೂ ಹೊಳೆಯದ ನಾಲ್ಕನೆಯದು ಯಾವುದು? ಮೂಗು ಗಾಳಿಯಲ್ಲಿ ಆ ವಾಸನೆಯನ್ನು ಹುಡುಕುತ್ತಿತ್ತು. ಅಷ್ಟು ಎತ್ತರದಿಂದ ಬರಲು ಸಾಧ್ಯವಿಲ್ಲವೆಂದು ಗೊತ್ತಿದ್ದರೂ.

ಆಮೇಲೆ ರೇಡಿಯೋ ಕೆಮ್ಮಿತು. ಸೌಭಾಗ್ಯಳ ಧ್ವನಿ ಸ್ಪಷ್ಟವಾಗಿ, ಕಲಿಸಿದ ಇಂಗ್ಲಿಷಿನಲ್ಲಿ, ಎಡಕ್ಕೆ ತಿರುಗುತ್ತಿದ್ದೇನೆ ಎಂದು ಹೇಳಿತು. ಕ್ಯಾಪ್ಟನ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತುಬಿಟ್ಟರು.

ಇಳಿದು ಬಂದಳು. "ರೇಡಿಯೋ ಆಫ್!" ಎಂದು ಒಳಗಿನಿಂದಲೇ ಕೂಗಿದಳು, ಎಂಜಿನ್ ನಿಂತಿತು. "ಯಾಕಮ್ಮಾ ಮಾತಾಡ್ಲಿಲ್ಲ?" ಎಂದು ಗದರಿದರು ಕ್ಯಾಪ್ಟನ್.

"ಮರ್ತೋಯ್ತು ಸಾರ್," ಎಂದಳು. "ಆಚೆಗೆಲ್ಲ ಬರೀ ಮಂಜು. ಶಿವಗಂಗೆ ಬೆಟ್ಟ ಒಂದೇ ಮೇಲೆ ಎದ್ದಿತ್ತು. ಆ ಕಡೆ ನಮ್ಮೂರು. ನೋಡ್ಕೊಂಡು ಹಂಗೇ ಕೂತ್ಬಿಟ್ಟೆ."

ಆ ರೇಡಿಯೋ ಮತ್ತೆ ಸುಡಲಿಲ್ಲ. ಏಕೆ ಸುಡಲಿಲ್ಲವೆಂಬುದು, ಹಿಂದಿನವು ಏಕೆ ಸುಟ್ಟವು ಎಂಬಷ್ಟೇ ಅಸ್ಪಷ್ಟವಾಗಿ ಉಳಿಯಿತು. ನಾನು ಕಾಲೇಜಿಗೆ ಮರಳಿದೆ. ಇಂದಿಗೂ ವಿದ್ಯಾರ್ಥಿಗಳಿಗೆ ಚರ್ಚೆ ಕಲಿಸುತ್ತೇನೆ. ಗಂಟೆ ಬಾರಿಸುವ ಮೊದಲು ಮುಗಿಸಿರಿ ಎಂದು ಹೇಳಿದರೂ, ಒಮ್ಮೊಮ್ಮೆ ಗಂಟೆಯನ್ನು ಬೇಕೆಂದೇ ತಡವಾಗಿ ಬಾರಿಸುತ್ತೇನೆ.

ಮನೆಯ ಡಬ್ಬಿ ಸುಟ್ಟ ಮರುವಾರ ಮಧುರೆಯ ಕಡೆ ಹೋಗುವ ಬಸ್ಸು ಹತ್ತಿದೆ. ರಾಗಿ ಹೊಲಗಳಲ್ಲಿ ಅರ್ಧಕ್ಕೆ ಬಡಾವಣೆಯ ಕಲ್ಲು ನೆಟ್ಟಿದ್ದಾರೆ. ಹಳದಿ ವಿಮಾನಕ್ಕೆ ಈಗ ಬಿಳಿ ಬಣ್ಣ. ಅದು ಶೆಡ್ಡಿನ ಮುಂದೆ ಎಂಜಿನ್ ಓಡಿಸಿಕೊಂಡು ನಿಂತಿತ್ತು. ಒಳಗೆ ಯಾರೋ ಹೊಸ ಹುಡುಗಿ, ಹೊರಗೆ ರೆಕ್ಕೆಯ ಕೆಳಗೆ ಕೈಕಟ್ಟಿ ನಿಂತಿದ್ದವಳು ಸೌಭಾಗ್ಯ. ಈಗ ಅವಳು ಅಲ್ಲಿ ಕಲಿಸುತ್ತಾಳೆ. ನನ್ನನ್ನು ಕಂಡು ಓಡಿಬಂದು ಕೈ ಹಿಡಿದಳು. ಅಪ್ಪ ಹೊಸ ಟ್ರ್ಯಾಕ್ಟರ್ ತೆಗೆದುಕೊಂಡಿದ್ದಾರೆ, ಅದರ ಮೀಟರ್ ಬೋರ್ಡು ಈಗಾಗಲೇ ಒಂದು ಸಲ ಸುಟ್ಟಿದೆ, ಕಂಪನಿಯದೇ ತಪ್ಪು ಎಂದು ಜಗಳವಾಡುತ್ತಿದ್ದಾರೆ ಎಂದು ಹೇಳಿ ಹೊಟ್ಟೆ ಹಿಡಿದು ನಕ್ಕಳು.

ಆ ನಗುವಿನ ಧೈರ್ಯದಲ್ಲಿ ಇಷ್ಟು ವರ್ಷ ಹೊತ್ತಿದ್ದನ್ನು ಕೇಳಿಬಿಟ್ಟೆ. "ಸೌಭಾಗ್ಯ, ಅಂದು ರೇಡಿಯೋ ಸುಟ್ಟದ್ದು ನಿನ್ನಿಂದಲೇ ಎಂದು ನಿನಗೆ ಅನಿಸುತ್ತದೆಯೇ?"

ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕೈಯೆತ್ತಿ ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿ, ವಿಮಾನದ ಕಡೆ ತಿರುಗಿದಳು. ಒಳಗಿದ್ದ ಹುಡುಗಿ "ರೇಡಿಯೋ ಆಫ್!" ಎಂದು ಕೂಗಿದಳು. ಸೌಭಾಗ್ಯ ಬಾಗಿ, ಅವಳ ಬೆರಳನ್ನೇ ನೋಡಿ, ತಲೆಯಾಡಿಸಿದಳು. ಎಂಜಿನ್ ನಿಂತಿತು. ಪ್ರೊಪೆಲರ್ ಕೊನೆಯ ಸುತ್ತು ಸುತ್ತಿ ಸುಮ್ಮನಾಯಿತು. ಹೊಲದ ಕಡೆಯಿಂದ ಒಂದು ನವಿಲು ಕೂಗಿತು.

"ಏನೋ ಕೇಳಿದ್ರಲ್ಲ ಮೇಡಂ?"

ಪ್ರಶ್ನೆ ಇನ್ನೂ ಬಾಯಲ್ಲೇ ಇತ್ತು.

"ಊಟ ಆಯ್ತೇನೇ ಅಂತ ಕೇಳಿದೆ," ಎಂದೆ.